ಮಾರುವ ಮನೆಗೆ ಸಿಂಗಾರ: ಲಾಭ ಎಷ್ಟು, ಯಾರಿಗೆ?

ಮನೆ ಮಾರಲು ಹೊರಟವರಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಮೊದಲೆಲ್ಲ ಆ ಸಲಹೆ ರೇಟು, ಕಾಗದಪತ್ರ, ಒಳ್ಳೆಯ ಪಾರ್ಟಿ ಇಷ್ಟರ ಸುತ್ತ ಇರುತ್ತಿತ್ತು. ಈಗ ಬೆಂಗಳೂರಿನ ರೀಸೇಲ್ ಫ್ಲ್ಯಾಟ್‌ಗಳ ವ್ಯವಹಾರದಲ್ಲಿ ಇನ್ನೊಂದು ಮಾತು ಸೇರಿಕೊಂಡಿದೆ: ‘ಹೋಮ್ ಸ್ಟೇಜಿಂಗ್ ಮಾಡಿಸಿ ಸರ್, ಬೇಗ ಹೋಗುತ್ತೆ, ರೇಟೂ ಚೆನ್ನಾಗಿ ಬರುತ್ತೆ.’ ಎಂದರೆ ಮನೆಯನ್ನು ತೆರವು ಮಾಡಿ, ಬಣ್ಣ ಬಳಿಸಿ, ಬಾಡಿಗೆಗೆ ತಂದ ಸೋಫಾ, ದೀಪ, ಗಿಡ, ಚಿತ್ರಪಟ ಜೋಡಿಸಿ, ಒಳ್ಳೆಯ ಫೋಟೊ ತೆಗೆಸಿ, ಆಮೇಲೆ ಗಿರಾಕಿಗೆ ಬಾಗಿಲು ತೆರೆಯುವುದು. ಆ ಒಂದು ಮಾತಿನಲ್ಲಿ ಎರಡು ಭರವಸೆಗಳಿವೆ: ಬೇಗ ಮಾರಾಟ, ಹೆಚ್ಚು ಬೆಲೆ. ಒಂದೇ ಉಸಿರಿನಲ್ಲಿ ಹೇಳುವುದರಿಂದ ಎರಡಕ್ಕೂ ಸಮನಾದ ಆಧಾರ ಇದೆಯೆಂದು ನಾವು ನಂಬಿಬಿಡುತ್ತೇವೆ. ಹಾಗೇನಿಲ್ಲ.

ಈ ಕಸುಬು ಹುಟ್ಟಿದ್ದು ಅಮೆರಿಕದಲ್ಲಿ. ಸಿಯಾಟಲ್ ಸುತ್ತಮುತ್ತ ಮನೆ ಮಾರಾಟದ ಕೆಲಸ ಮಾಡುತ್ತಿದ್ದ ಬಾರ್ಬ್ ಶ್ವಾರ್ಟ್ಜ್ 1972ರಲ್ಲಿ ಇದನ್ನು ಶುರುಮಾಡಿದರೆಂದು ಆ ವೃತ್ತಿಯವರು ಹೇಳುತ್ತಾರೆ. ‘ನಿಮ್ಮ ಮನೆ ಗಲೀಜಾಗಿದೆ’ ಎಂದು ಮಾಲೀಕರ ಮುಖಕ್ಕೆ ಹೇಳುವುದು ಕಷ್ಟ. ನಾಟಕಕ್ಕೆ ರಂಗ ಸಜ್ಜು ಮಾಡುವ ಹಾಗೆ ಇದು ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಜಾಣತನದ ದಾರಿ. 1998ರಲ್ಲಿ ಬ್ರಿಟನ್ನಿನ ಚಾನೆಲ್ 5ರಲ್ಲಿ ‘ಹೌಸ್ ಡಾಕ್ಟರ್’ ಕಾರ್ಯಕ್ರಮ ಬಂತು. ಅಮೆರಿಕದಿಂದ ಬಂದ ಆನ್ ಮಾರಿಸ್ ಎಂಬಾಕೆ, ಮಾರಾಟವಾಗದೆ ಕೂತ ಮನೆಗಳೊಳಗೆ ಹೊಕ್ಕು ಹೂಬಳ್ಳಿಯ ವಾಲ್‌ಪೇಪರನ್ನೂ ನಾಯಿಯ ವಾಸನೆಯನ್ನೂ ಮುಲಾಜಿಲ್ಲದೆ ಎತ್ತಿ ಆಡುತ್ತಿದ್ದರು. ಟಿವಿಯ ಮೂಲಕ ಕಸುಬು ಮಧ್ಯಮ ವರ್ಗದ ತಿಳಿವಳಿಕೆಯಾಯಿತು. ನಮ್ಮಲ್ಲಿ ಆ ಪಾಠ ಬೇರೆ ದಾರಿಯಿಂದ ಬಂತು. ಬಿಲ್ಡರುಗಳ ಮಾಡೆಲ್ ಫ್ಲ್ಯಾಟುಗಳನ್ನು ನಾವು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ಬಾಗಿಲು ತೆರೆದಾಗ, ಏನನ್ನೂ ಕೊಳ್ಳದೆ ಆ ಜೋಡಿಸಿಟ್ಟ ಕೋಣೆಗಳಲ್ಲಿ ಸುತ್ತಾಡಿ ಬಂದವರೇ ಎಷ್ಟೊಂದು ಜನ.

ಈಗ ಆಧಾರದ ವಿಚಾರ. ಸ್ಟೇಜಿಂಗ್ ಪರವಾಗಿ ಎಲ್ಲ ಕಡೆ ಉಲ್ಲೇಖವಾಗುವ ಅಂಕಿಗಳು ಬಹುಮಟ್ಟಿಗೆ ಒಂದೇ ಬಾವಿಯಿಂದ ಬರುತ್ತವೆ: ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಪ್ರಕಟಿಸುವ ಸಮೀಕ್ಷೆ. 2025ರ ವರದಿಯ ಪ್ರಕಾರ, ಕೊಳ್ಳುವವರ ಪರ ಏಜೆಂಟರಲ್ಲಿ ಶೇ 83ರಷ್ಟು ಮಂದಿ ‘ಸಜ್ಜು ಮಾಡಿದ ಮನೆಯಲ್ಲಿ ತಾನು ವಾಸಿಸುವುದನ್ನು ಕಲ್ಪಿಸಿಕೊಳ್ಳುವುದು ಗಿರಾಕಿಗೆ ಸುಲಭ’ ಎಂದಿದ್ದಾರೆ. ಮಾರುವವರ ಪರ ಏಜೆಂಟರಲ್ಲಿ ಶೇ 49ರಷ್ಟು ಮಂದಿಗೆ ಮನೆ ಬೇಗ ಹೋದಂತೆ ಕಂಡಿದೆ. ಬೆಲೆ ಶೇ 1ರಿಂದ 10ರವರೆಗೆ ಏರಿತೆಂದವರು ಶೇ 29 ಮಾತ್ರ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಇವು ಏಜೆಂಟರ ಅನಿಸಿಕೆಗಳು. ಯಾರೂ ಎರಡು ಒಂದೇ ಥರದ ಮನೆಗಳನ್ನು ಪಕ್ಕಪಕ್ಕ ಇಟ್ಟು ಅಳೆದದ್ದಲ್ಲ. ಇನ್ನೊಂದು, ಅನಿಸಿಕೆಯಲ್ಲೂ ಇಳಿಜಾರಿದೆ. ‘ಕಲ್ಪಿಸಿಕೊಳ್ಳುವುದು ಸುಲಭ’ ಎಂಬಲ್ಲಿ ನೂರಕ್ಕೆ ಎಂಬತ್ತು ಮೀರಿ ನಿಂತ ಒಮ್ಮತ, ‘ಬೇಗ ಹೋಯಿತು’ ಎನ್ನುವಾಗ ಅರ್ಧಕ್ಕಿಳಿಯುತ್ತದೆ, ದುಡ್ಡಿನ ಮಾತು ಬಂದಾಗ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಜಾಹೀರಾತುಗಳಲ್ಲಿ ಮೊದಲ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಬೆಸೆದು, ನಡುವಿನ ಇಳಿಜಾರನ್ನು ಮಾಯ ಮಾಡುತ್ತಾರೆ.

ಸ್ಟೇಜಿಂಗ್ ಸಂಸ್ಥೆಗಳು ತಮ್ಮದೇ ಗ್ರಾಹಕರ ಲೆಕ್ಕ ಕೊಡುವುದೂ ಉಂಟು. ಅಲ್ಲಿನ ತೊಡಕು ಇನ್ನೂ ಸರಳ. ಮನೆಯನ್ನು ಸಜ್ಜುಗೊಳಿಸಲು ದುಡ್ಡು ಹಾಕುವ ಮಾಲೀಕ ಸಾಮಾನ್ಯವಾಗಿ ಅನುಕೂಲಸ್ಥ. ಅವನ ಮನೆ ಒಳ್ಳೆಯ ಜಾಗದಲ್ಲಿರುತ್ತದೆ, ಅವನು ಒಳ್ಳೆಯ ಏಜೆಂಟನನ್ನು ಹಿಡಿದಿರುತ್ತಾನೆ, ಮಾರಲು ಮನಸ್ಸು ಗಟ್ಟಿ ಮಾಡಿರುತ್ತಾನೆ. ಅಂಥ ಮನೆ ಸೋಫಾ ಇಲ್ಲದೆಯೂ ಬೇಗ ಹೋಗುತ್ತಿತ್ತೋ ಏನೋ.

ಈ ಗೋಜಲನ್ನು ಬಿಡಿಸಲು ನಿಜವಾಗಿ ಪ್ರಯೋಗ ಮಾಡಿದವರು ಮಾರ್ಕ್ ಲೇನ್, ಮೈಕೆಲ್ ಸೈಲರ್, ವಿಕಿ ಸೈಲರ್ ಎಂಬ ಮೂವರು ಸಂಶೋಧಕರು. 2015ರಲ್ಲಿ ‘ಜರ್ನಲ್ ಆಫ್ ಹೌಸಿಂಗ್ ರಿಸರ್ಚ್’ನಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 820 ಮಂದಿಗೆ ಒಂದೇ ಮನೆಯ ಕಂಪ್ಯೂಟರ್ ಚಿತ್ರಣವನ್ನು ಬೇರೆ ಬೇರೆ ವೇಷದಲ್ಲಿ ತೋರಿಸಲಾಯಿತು. ಕೆಲವರಿಗೆ ಸೌಮ್ಯ ಬಣ್ಣದ ಗೋಡೆ, ಕೆಲವರಿಗೆ ಕಣ್ಣಿಗೆ ರಾಚುವ ಬಣ್ಣ. ಕೆಲವರಿಗೆ ಒಳ್ಳೆಯ ಪೀಠೋಪಕರಣ, ಕೆಲವರಿಗೆ ಕೆಟ್ಟದ್ದು, ಕೆಲವರಿಗೆ ಬರೀ ಖಾಲಿ ಕೋಣೆ. ಸಿಂಗರಿಸಿದ ಮನೆ ವಾಸಕ್ಕೆ ಹಿತವಾಗಿದೆ ಎಂದು ಜನ ಹೇಳಿದರು. ಆದರೆ ಎಷ್ಟು ಕೊಡುತ್ತೀರಿ ಎಂದಾಗ ಆ ಸಿಂಗಾರ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಮಾಡಲಿಲ್ಲ. ಜೊತೆಗೆ, ಬೇರೆ ಗಿರಾಕಿಗಳು ಇದಕ್ಕೆ ಮರುಳಾಗುತ್ತಾರೆ ಎಂದು ಅವರು ನಂಬಿದ್ದರು! ಹೌದು, ಪರದೆಯ ಮೇಲೆ ಮನೆ ನೋಡುವುದೂ ಜೇಬಿನ ದುಡ್ಡು ಕೊಟ್ಟು ಮನೆ ಕೊಳ್ಳುವುದೂ ಒಂದೇ ಅಲ್ಲ. ಒಂದು ಪ್ರಯೋಗದಿಂದ ಮಾತು ಮುಗಿಯುವುದಿಲ್ಲ. ಆದರೂ ಏಜೆಂಟರ ಅನಿಸಿಕೆಗಿಂತ ಇದಕ್ಕೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ಎಣಿಕೆ.

ಹಾಗಾದರೆ ಸ್ಟೇಜಿಂಗ್ ಬರೀ ಬೂಟಾಟಿಕೆಯೆ? ಅಲ್ಲ. ಲಾಭ ಇದೆ, ಜಾಹೀರಾತು ತೋರಿಸುವ ಕಡೆ ಇಲ್ಲ ಅಷ್ಟೆ. ಬೆಲೆ ನಿರ್ಧಾರವಾಗುವುದಕ್ಕೆ ಎಷ್ಟೋ ಮೊದಲು ಇನ್ನೊಂದು ಘಟ್ಟ ಇದೆ: ಗಿರಾಕಿ ಮನೆ ನೋಡಲು ಬರುತ್ತಾನೋ ಇಲ್ಲವೋ ಎಂಬುದು. ಇವತ್ತು ಆ ತೀರ್ಮಾನ ಮೊಬೈಲಿನ ಪರದೆಯ ಮೇಲೆ ಆಗುತ್ತದೆ. ಮನೆಯ ಜಾಹೀರಾತು ನೋಡುವವರ ಕಣ್ಣಿನ ಚಲನೆಯನ್ನು ಅಳೆದ ಅಧ್ಯಯನವೊಂದರಲ್ಲಿ (ಅದರಲ್ಲೂ ಈ ಮೈಕೆಲ್ ಸೈಲರ್ ಇದ್ದರು) ಕಣ್ಣು ಮೊದಲು ಹೋದದ್ದು ಫೋಟೊದ ಮೇಲೆ. ಏಜೆಂಟ್ ಶ್ರಮಪಟ್ಟು ಬರೆದ ವರ್ಣನೆಯನ್ನು ಓದದೆ ಬಿಟ್ಟವರೂ ಬಹಳ. ಬೆಂಗಳೂರಿನ ರೀಸೇಲ್ ಜಾಹೀರಾತುಗಳ ಫೋಟೊಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಟ್ಯೂಬ್‌ಲೈಟಿನ ಬೆಳಕು, ಕಿಟಕಿಗೆ ಅಡ್ಡ ಒಣಹಾಕಿದ ಟವೆಲು, ಕನ್ನಡಿಯಲ್ಲಿ ಫೋಟೊ ತೆಗೆಯುವ ಬ್ರೋಕರನ ಅರ್ಧ ಮುಖ. ಅದೇ ಫ್ಲ್ಯಾಟಿನ ನೇರ, ತಿಳಿಯಾದ ನಾಲ್ಕು ಫೋಟೊ ಹಾಕಿದರೆ ಶನಿವಾರ ಬರುವ ಪಾರ್ಟಿಗಳ ಸಂಖ್ಯೆ ಹೆಚ್ಚುತ್ತದೆ. ಪಾರ್ಟಿಗಳು ಹೆಚ್ಚಿದರೆ ಚೌಕಾಸಿಯಲ್ಲಿ ಮಾಲೀಕನ ದನಿ ಗಟ್ಟಿಯಾಗುತ್ತದೆ.

ಎರಡನೆಯ ಲಾಭ ಬೆಲೆ ಏರಿಸುವುದಲ್ಲ, ಇಳಿಯದಂತೆ ತಡೆಯುವುದು. ನಲ್ಲಿ ತೊಟ್ಟಿಕ್ಕುವುದು, ಬಾತ್‌ರೂಮಿನ ಒಡೆದ ಟೈಲು, ಮುಚ್ಚದ ವಾರ್ಡ್‌ರೋಬ್ ಬಾಗಿಲು, ಹೊಗೆ ಹಿಡಿದ ಅಡುಗೆಮನೆಯ ಚಾವಣಿ, ಇವೆಲ್ಲ ಸೇರಿ ಕೆಲವು ಸಾವಿರದ ಕೆಲಸ. ಆದರೆ ನೋಡಲು ಬಂದವನು ಇದನ್ನು ಸಾವಿರಗಳಲ್ಲಿ ಎಣಿಸುವುದಿಲ್ಲ. ‘ಕಣ್ಣಿಗೆ ಕಾಣುವುದನ್ನೇ ಇವರು ನೋಡಿಕೊಂಡಿಲ್ಲ, ಕಾಣದ್ದು ಹೇಗಿದೆಯೋ’ ಎಂದು ಲಕ್ಷಗಳಲ್ಲಿ ಕಡಿತ ಕೇಳುತ್ತಾನೆ. ಮಾಲೀಕನಿಗೆ ಇದು ಕಾಣುವುದೇ ಇಲ್ಲ. ತನ್ನದಾದ ವಸ್ತುವಿಗೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದನ್ನು ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1990ರಲ್ಲಿ ಕಾಫಿ ಮಗ್ಗುಗಳ ಪ್ರಯೋಗದಲ್ಲಿ ತೋರಿಸಿದ್ದರು. ಮಗ್ಗು ಕೈಗೆ ಬಂದವರು ಅದನ್ನು ಬಿಟ್ಟುಕೊಡಲು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್ಗಿನ ಕಥೆ ಹೀಗಾದರೆ, ಮಗಳು ಗೋಡೆಯ ಮೇಲೆ ಗೀಚಿದ ಬಣ್ಣದ ಆನೆ ಇರುವ ಮನೆಯ ಕಥೆ ಹೇಗಿರಬೇಡ. ಹೊರಗಿನವರೊಬ್ಬರು ಬಂದು ‘ಇದನ್ನು ಅಳಿಸಿ’ ಎಂದು ಹೇಳುವುದೇ ಸ್ಟೇಜಿಂಗಿನ ದೊಡ್ಡ ಉಪಕಾರ. ಅದಕ್ಕೆ ವೃತ್ತಿಪರರೇ ಬೇಕೆಂದಿಲ್ಲ, ಮುಲಾಜಿಲ್ಲದ ನಾದಿನಿಯಾದರೂ ಸಾಕು.

‘ಬೇಗ ಮಾರಾಟ’ ಎಂಬ ಲಾಭವನ್ನೂ ಸ್ವಲ್ಪ ತಿರುಗಿಸಿ ನೋಡಬೇಕು. ಬೇಗ ಎಂಬುದು ಯಾರಿಗೆ ಬೇಕು? ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚ್ಯಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಶಿಕಾಗೊ ಸುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಜಾಲಾಡಿತು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ, ಗ್ರಾಹಕರ ಮನೆ ಮಾರುವಾಗಿನದಕ್ಕಿಂತ ಸರಾಸರಿ 9.5 ದಿನ ಹೆಚ್ಚು ಕಾಯುತ್ತಿದ್ದರು, ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಶಿಕಾಗೊ ಲೆಕ್ಕ ಬೆಂಗಳೂರಿಗೆ ಹಾಗೇ ಹೊಂದುವುದಿಲ್ಲ. ಆದರೂ ತೂಕ ಗೊತ್ತಾಗಲಿ ಎಂದು ಒಂದು ಕೋಟಿ ರೂಪಾಯಿಯ ಫ್ಲ್ಯಾಟ್ ಇಟ್ಟುಕೊಳ್ಳೋಣ. ಶೇ 3.7 ಎಂದರೆ ಮಾಲೀಕನಿಗೆ 3 ಲಕ್ಷ 70 ಸಾವಿರ. ಶೇ 1ರ ಕಮಿಷನ್ ಪಡೆಯುವ ಬ್ರೋಕರನಿಗೆ ಅದರಲ್ಲಿ ಸಿಗುವ ಹೆಚ್ಚುವರಿ 3,700 ರೂಪಾಯಿ. ಅಷ್ಟಕ್ಕಾಗಿ ಇನ್ನೂ ಹತ್ತು ದಿನ ಪಾರ್ಟಿಗಳನ್ನು ಸುತ್ತಾಡಿಸುವ ಉಮೇದು ಅವನಿಗೆ ಏಕೆ ಇರಬೇಕು? ಸ್ಟೇಜಿಂಗಿಗೆ ದುಡ್ಡು ಹಾಕುವವನು ಮಾಲೀಕ, ವೇಗದ ಲಾಭ ಹೆಚ್ಚಾಗಿ ಬ್ರೋಕರನದು ಎಂಬುದನ್ನು ಮರೆಯಬಾರದು. ಆದರೆ ಮನೆಯ ಮೇಲೆ ಸಾಲ ಇದ್ದವರಿಗೆ ವೇಗಕ್ಕೂ ಬೆಲೆಯಿದೆ. 50 ಲಕ್ಷ ಬಾಕಿಗೆ ಶೇ 8.5ರ ಬಡ್ಡಿ ಹಿಡಿದರೆ ತಿಂಗಳಿಗೆ 35 ಸಾವಿರ ಮೀರುತ್ತದೆ. ಖಾಲಿ ಬಿದ್ದ ಫ್ಲ್ಯಾಟಿನ ಮೇಂಟೆನೆನ್ಸ್ ಬೇರೆ. ಅಂಥವರು ಬಣ್ಣಕ್ಕೂ ಶುಚಿತ್ವಕ್ಕೂ ಖರ್ಚು ಮಾಡಿ ಎರಡು ತಿಂಗಳು ಉಳಿಸಿಕೊಂಡರೆ ಅದು ನಿಜವಾದ ಉಳಿತಾಯ.

ಬೆಂಗಳೂರಿನ ಮಾತು ಬಂದಾಗ ಮೊದಲು ಒಂದು ಗೆರೆ ಎಳೆಯಬೇಕು. ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಹಳೆಯ ಬಡಾವಣೆಗಳಲ್ಲಿ 40×60 ನಿವೇಶನದ ಮೇಲಿನ ಹಳೆಯ ಒಂಟಿ ಮನೆ ಮಾರುವವರಿಗೆ ಸ್ಟೇಜಿಂಗಿನಿಂದ ಹೆಚ್ಚೇನೂ ಗಿಟ್ಟುವುದಿಲ್ಲ. ಅಲ್ಲಿ ಬಿಕರಿಯಾಗುವುದು ನೆಲ. ಕೆಂಪು ಗಾರೆಯ ನೆಲ ಎಷ್ಟೇ ಮಿರುಗಲಿ, ತೇಗದ ಬಾಗಿಲು ಎಷ್ಟೇ ಘನವಾಗಿರಲಿ, ಕೊಂಡವನು ಅದನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸುವ ಲೆಕ್ಕದಲ್ಲೇ ಬಂದಿರುತ್ತಾನೆ. ಅವನಿಗೆ ಬೇಕಾದದ್ದು ರಸ್ತೆಯ ಅಗಲ, ದಿಕ್ಕು, ಮೂಲೆ ಸೈಟೋ ಅಲ್ಲವೋ ಎಂಬುದು. ಆ ಮನೆಗೆ ಸುಣ್ಣಬಣ್ಣ ಮಾಡಿಸುವುದು ಮಮತೆಯ ಖರ್ಚು, ಮಾರಾಟದ ಖರ್ಚಲ್ಲ. ಹಾಗಾಗಿ ಈ ಇಡೀ ಚರ್ಚೆ ನಮ್ಮಲ್ಲಿ ಫ್ಲ್ಯಾಟುಗಳಿಗೆ, ವಿಲ್ಲಾಗಳಿಗೆ, ಹೊಸ ಬಡಾವಣೆಯ ಈಚಿನ ಮನೆಗಳಿಗೆ ಸೀಮಿತ.

ಫ್ಲ್ಯಾಟಿನಲ್ಲೂ ಬೆಲೆಯ ಮಾತು ಚದರಡಿಯಿಂದಲೇ ಶುರುವಾಗುತ್ತದೆ. ಅದೇ ಅಪಾರ್ಟ್‌ಮೆಂಟಿನಲ್ಲಿ ಕಳೆದ ಫ್ಲ್ಯಾಟ್ ಯಾವ ರೇಟಿಗೆ ಹೋಯಿತು ಎಂಬುದು ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕ ಬಾಡಿಗೆ ಸೋಫಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಲಾಗಿ ಅಮೆರಿಕದಲ್ಲಿರುವಂತೆ ಎಲ್ಲ ಏಜೆಂಟರು ಹಂಚಿಕೊಳ್ಳುವ ಒಂದೇ ಪಟ್ಟಿ, ‘ಈ ಮನೆ ಇಷ್ಟು ದಿನದಿಂದ ಮಾರಾಟಕ್ಕಿದೆ’ ಎಂದು ತೋರಿಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಒಂದೇ ಫ್ಲ್ಯಾಟನ್ನು ನಾಲ್ಕು ಬ್ರೋಕರುಗಳು ನಾಲ್ಕು ಬೆಲೆಗೆ ಹಾಕಿರುತ್ತಾರೆ, ಮಾರಾಟವಾದ ಮೇಲೂ ಜಾಹೀರಾತು ಇಳಿದಿರುವುದಿಲ್ಲ. ಇಂಥ ಕಡೆ ವ್ಯವಹಾರ ಮುರಿಯುವುದು ಪರದೆಯ ಬಣ್ಣಕ್ಕಲ್ಲ, ಕಾಗದಕ್ಕೆ. ಓಸಿ (ಸ್ವಾಧೀನಾನುಭವ ಪತ್ರ) ಇದೆಯೆ, ಇ-ಖಾತಾ ಆಗಿದೆಯೆ, ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಹಳೆಯ ಅಡಮಾನ ತೀರುವಳಿಯಾಗಿದೆಯೆ, ಕಾವೇರಿ ನೀರು ಬರುತ್ತದೆಯೋ ಟ್ಯಾಂಕರೋ. 2024ರ ಬೇಸಿಗೆಯ ನೀರಿನ ಬವಣೆ ಕಂಡವರು ಸಿಂಕಿನ ನಲ್ಲಿಯ ಹೊಳಪಿಗಿಂತ ಮೊದಲು ಅದರಲ್ಲಿ ಬರುವ ನೀರಿನ ಮೂಲ ಕೇಳುತ್ತಾರೆ. ಬಣ್ಣದವನನ್ನು ಕರೆಸುವ ಮೊದಲು ದಾಖಲೆಗಳ ಒಂದು ಫೈಲು ಮಾಡಿ, ಬಂದವರ ಕೈಗೆ ಅವುಗಳ ನಕಲು ಕೊಡುವ ಮಾಲೀಕನಿಗೆ ಸಿಗುವ ನಂಬಿಕೆಯನ್ನು ಯಾವ ಸ್ಟೇಜಿಂಗ್ ಕಂಪನಿಯೂ ಬಾಡಿಗೆಗೆ ತರಲಾರದು. ಹಾಗೆಯೇ ಆಷಾಢದಲ್ಲಿ, ಧನುರ್ಮಾಸದಲ್ಲಿ ಟೋಕನ್ ಅಡ್ವಾನ್ಸ್ ಕೊಡಲು ಹಿಂದೆಗೆಯುವವರು ಈಗಲೂ ಬಹಳ. ತಿಂಗಳ ಬಾಡಿಗೆಗೆ ಪೀಠೋಪಕರಣ ತರಿಸುವವರು ಪಂಚಾಂಗವನ್ನೂ ಒಮ್ಮೆ ತಿರುವಿ ಹಾಕುವುದು ಒಳ್ಳೆಯದು.

ಇನ್ನು ಮನೆಯೊಳಗೆ ಏನು ಮಾಡಿದರೆ ಫಲ. ಮೇಲೆ ಹೇಳಿದ ಅಮೆರಿಕದ ಸಮೀಕ್ಷೆಯಲ್ಲೇ ಹೆಚ್ಚು ಪ್ರಚಾರವಾಗದ ಸಾಲೊಂದಿದೆ: ಮಾರುವವರ ಪರ ಏಜೆಂಟರಲ್ಲಿ ಸುಮಾರು ಅರ್ಧದಷ್ಟು ಮಂದಿ ಸ್ಟೇಜಿಂಗ್ ಮಾಡಿಸುವುದೇ ಇಲ್ಲ, ಸಾಮಾನು ತೆರವು ಮಾಡಿ ದೋಷ ಸರಿಪಡಿಸಿ ಎಂದಷ್ಟೇ ಹೇಳುತ್ತಾರೆ. ನಮ್ಮ ಫ್ಲ್ಯಾಟುಗಳಲ್ಲಂತೂ ಈ ತೆರವಿಗೇ ಅರ್ಧ ಅಂಕ. ಅಟ್ಟದ ಮೇಲಿನ ಹಳೆಯ ಟಿವಿ ಪೆಟ್ಟಿಗೆ, ಬಾಲ್ಕನಿಯ ಮೂಲೆಯ ಮುರಿದ ಸೈಕಲ್ಲು, ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಡಬ್ಬಗಳು ಹೋದರೆ ಚದರಡಿ ಹೆಚ್ಚದಿದ್ದರೂ ಹೆಚ್ಚಿದಂತೆ ಕಾಣುತ್ತದೆ. ತೀರಾ ಖಾಲಿ ಮಾಡಿದರೂ ತೊಂದರೆಯೇ. ಖಾಲಿ ಕೋಣೆ ಚಿಕ್ಕದಾಗಿ ಕಾಣುತ್ತದೆ, ಮಂಚ ಹಿಡಿಸುತ್ತದೋ ಇಲ್ಲವೋ ತಿಳಿಯುವುದಿಲ್ಲ, ಗೋಡೆಯ ಪ್ರತಿ ಮೊಳೆತೂತೂ ಎದ್ದು ಕಾಣುತ್ತದೆ. ಒಂದು ಮಂಚ, ಒಂದು ಊಟದ ಮೇಜು, ಹಾಲಿನಲ್ಲಿ ಕೂರಲು ಎರಡು ಕುರ್ಚಿ ಉಳಿಸಿಕೊಂಡರೆ ಸಾಕು. ದಪ್ಪ ಪರದೆ ತೆಗೆದು ಬೆಳಗಿನ ಹೊತ್ತಿನಲ್ಲಿ ತೋರಿಸಿದರೆ ದುಡ್ಡಿಲ್ಲದೆ ಸಿಗುವ ಬೆಳಕು ಸಿಗುತ್ತದೆ.

ವಾಸನೆಯ ವಿಚಾರ ಸ್ವಲ್ಪ ನಾಜೂಕು. ತಿಂಗಳುಗಟ್ಟಲೆ ಮುಚ್ಚಿದ ಮನೆಯ ಮುಗ್ಗಲು ವಾಸನೆ ಬಾಗಿಲಲ್ಲೇ ಗಿರಾಕಿಯನ್ನು ಹಿಮ್ಮೆಟ್ಟಿಸುತ್ತದೆ. ಅದನ್ನು ಮುಚ್ಚಲು ಫಿನಾಯಿಲು, ಅದರ ಮೇಲೆ ಅಗರಬತ್ತಿ, ಅದರ ಮೇಲೆ ರೂಮ್ ಫ್ರೆಶ್ನರ್ ಹೊಡೆದರೆ ಪರಿಣಾಮ ಉಲ್ಟಾ. ಎರಿಕ್ ಸ್ಪ್ಯಾಂಗನ್‌ಬರ್ಗ್ ಮತ್ತು ಸಂಗಡಿಗರು ಸ್ವಿಟ್ಜರ್‌ಲೆಂಡಿನ ಗೃಹಾಲಂಕಾರದ ಅಂಗಡಿಯೊಂದರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಕಿತ್ತಳೆಯ ಸರಳ ಪರಿಮಳ ಇದ್ದಾಗ ಜನ ಹೆಚ್ಚು ಖರ್ಚು ಮಾಡಿದರು. ಹಲವು ಬೆರೆಸಿದ ಸಂಕೀರ್ಣ ಪರಿಮಳಕ್ಕೆ ಆ ಗುಣ ಇರಲಿಲ್ಲ. ಹಿಂದಿನ ದಿನ ಕಿಟಕಿ ತೆರೆದಿಟ್ಟು, ಆ ಹೊತ್ತಿಗೆ ಮೆಣಸಿನಕಾಯಿ ಒಗ್ಗರಣೆ ಹಾಕದೆ ಇದ್ದರೆ ಸಾಕು.

ವೈಯಕ್ತಿಕ ಗುರುತುಗಳನ್ನೆಲ್ಲ ತೆಗೆಯಿರಿ, ಕುಟುಂಬದ ಫೋಟೊ, ದೇವರ ಪಟ ಯಾವುದೂ ಕಾಣಬಾರದು ಎಂಬುದು ಅಮೆರಿಕದ ಪಾಠದ ಇನ್ನೊಂದು ಸೂತ್ರ. ಇದಕ್ಕೊಂದು ಕಹಿ ಮುಖವಿದೆ. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯಲ್ಲಿ ಕಪ್ಪು ವರ್ಣೀಯ ದಂಪತಿಯೊಬ್ಬರ ಮನೆಗೆ ಮೌಲ್ಯಮಾಪಕರು 9 ಲಕ್ಷ 95 ಸಾವಿರ ಡಾಲರ್ ಕಟ್ಟಿದರು. ದಂಪತಿ ತಮ್ಮ ಫೋಟೊಗಳನ್ನು ತೆಗೆದು, ಬಿಳಿಯ ಗೆಳತಿಯೊಬ್ಬರನ್ನು ಮಾಲೀಕರಂತೆ ನಿಲ್ಲಿಸಿ ಇನ್ನೊಬ್ಬರಿಂದ ಮೌಲ್ಯ ಕಟ್ಟಿಸಿದಾಗ ಅದೇ ಮನೆ 14 ಲಕ್ಷ 80 ಸಾವಿರ ಡಾಲರ್ ದಾಟಿತು. ವಿಷಯ ನ್ಯಾಯಾಲಯಕ್ಕೆ ಹೋಗಿ 2023ರಲ್ಲಿ ರಾಜಿಯಾಯಿತು. ಅಲ್ಲಿ ಬದಲಾದದ್ದು ಒಳಾಂಗಣವಲ್ಲ. ಜಾತಿ ಕೇಳಿ ಬಾಡಿಗೆ ಕೊಡುವ, ‘ವೆಜ್ ಓನ್ಲಿ’ ಎಂದು ಬೋರ್ಡು ತೂಗುಹಾಕುವ ನಮ್ಮ ಊರಿಗೆ ಇದು ದೂರದ ಕಥೆಯೇನಲ್ಲ. ಗೋಡೆಯ ಮೇಲೆ ಯಾವ ಪಟ ಇದೆ ಎಂಬುದನ್ನು ಬ್ರೋಕರ್ ಬಾಯಿಬಿಟ್ಟು ಹೇಳದಿದ್ದರೂ ಪಾರ್ಟಿ ಗಮನಿಸುತ್ತದೆ. ಫೋಟೊ ತೆಗೆದಿಡುವುದು ಮಾರುವವನಿಗೆ ಲಾಭವಾಗಬಹುದು. ಆ ಲಾಭ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಹಿತವಾಗಿರುವುದಿಲ್ಲ. ದೇವರಮನೆಯ ವಿಚಾರದಲ್ಲಿ ಮಾತ್ರ ಆ ಸೂತ್ರ ಇಲ್ಲಿ ಹೊಂದುವುದಿಲ್ಲ. ಪುಟ್ಟ ದೇವರಮನೆ ಇದೆ ಎಂಬುದೇ ಅನೇಕ ಗಿರಾಕಿಗಳಿಗೆ ಆಕರ್ಷಣೆ. ಅದನ್ನು ಖಾಲಿ ಮಾಡಿ ಪುಸ್ತಕದ ಕಪಾಟು ಮಾಡಿ ತೋರಿಸಿದರೆ, ‘ದೇವರಿಗೆ ಜಾಗ ಎಲ್ಲಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಸಿಂಗಾರ ಎಲ್ಲಿಗೆ ಮುಗಿಯುತ್ತದೆ, ಮುಚ್ಚಿಡುವುದು ಎಲ್ಲಿಂದ ಶುರುವಾಗುತ್ತದೆ? ಮಳೆಗಾಲದಲ್ಲಿ ಗೋಡೆಯೊಳಗೆ ಇಳಿದ ತೇವವನ್ನು ಸರಿಪಡಿಸದೆ ಪುಟ್ಟಿ ಹಚ್ಚಿ ಬಣ್ಣ ಹೊಡೆಸುವುದನ್ನು ಸ್ಟೇಜಿಂಗ್ ಎನ್ನಲಾಗದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಪತ್ತೆಹಚ್ಚಲಾಗದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು ಎನ್ನುತ್ತದೆ. ಬಿಲ್ಡರುಗಳಿಗೆ ಇನ್ನೂ ಬಿಗಿ. 2016ರ ರೇರಾ ಕಾಯ್ದೆಯ 12ನೇ ಕಲಂ ಮಾದರಿ ಮನೆಯನ್ನೇ ಹೆಸರಿಸಿದೆ: ಅದನ್ನು ನಂಬಿ ಮುಂಗಡ ಕೊಟ್ಟವನಿಗೆ ಸುಳ್ಳು ಮಾಹಿತಿಯಿಂದ ನಷ್ಟವಾದರೆ ಪರಿಹಾರ ಕೊಡಬೇಕು, ಯೋಜನೆಯಿಂದ ಹೊರಬರಬಯಸಿದರೆ ಬಡ್ಡಿ ಸಮೇತ ಹಣ ಹಿಂತಿರುಗಿಸಬೇಕು. ಮಾಡೆಲ್ ಫ್ಲ್ಯಾಟಿನಲ್ಲಿ ಅಳತೆಗಿಂತ ಚಿಕ್ಕ ಮಂಚ, ಬಾಗಿಲಿಲ್ಲದ ಕೋಣೆ, ಗೋಡೆಯಗಲದ ಕನ್ನಡಿ ಇಟ್ಟು ಜಾಗ ಹಿಗ್ಗಿಸುವ ಚಮತ್ಕಾರ ಬಲ್ಲವರಿಗೆ ಈ ಕಲಂ ಏಕೆ ಬೇಕಾಯಿತೆಂದು ಗೊತ್ತು.

ಈಗ ಸೋಫಾ ಹೊರುವ ಅಗತ್ಯವೂ ತಪ್ಪುತ್ತಿದೆ. ಖಾಲಿ ಕೋಣೆಯ ಫೋಟೊ ಕೊಟ್ಟರೆ ಎಐ ತಂತ್ರಾಂಶ ಅದರಲ್ಲಿ ಸೋಫಾ, ಜಮಖಾನ, ಕಿಟಕಿಯಾಚೆ ಮರ ಎಲ್ಲವನ್ನೂ ಕ್ಷಣದಲ್ಲಿ ತುಂಬಿಕೊಡುತ್ತದೆ. ಸೋಫಾ ತುಂಬುವುದು ತಪ್ಪಲ್ಲ; ಎದುರಿನ ಟ್ರಾನ್ಸ್‌ಫಾರ್ಮರನ್ನು ಅಳಿಸಿ ಮರ ನೆಡುವುದು ತಪ್ಪು. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು, ಹೀಗೆ ತಿದ್ದಿದ ಚಿತ್ರವನ್ನು ತಿದ್ದಿದ್ದು ಎಂದು ಹೇಳಬೇಕು, ಮೂಲ ಚಿತ್ರವನ್ನೂ ನೋಡಸಿಗುವಂತೆ ಮಾಡಬೇಕು ಎಂದು ವಿಧಿಸಿದೆ. ಅಮೆರಿಕದಲ್ಲೋ ದುಬೈಯಲ್ಲೋ ಕೂತು ಇಲ್ಲಿನ ಖಾಲಿ ಫ್ಲ್ಯಾಟ್ ಮಾರಬೇಕಾದ ಕನ್ನಡಿಗರಿಗೆ ಈ ಚಿತ್ರಗಳು ಅಗ್ಗದ ಉಪಾಯ. ಆದರೆ ಫೋಟೊದಲ್ಲಿ ಅರಮನೆ ಕಂಡು ಬಂದವನಿಗೆ ಬಾಗಿಲು ತೆರೆದಾಗ ಧೂಳು, ಜೇಡರಬಲೆ ಕಂಡರೆ, ಮೊದಲೇ ಖಾಲಿ ಕೋಣೆ ತೋರಿಸಿದ್ದಕ್ಕಿಂತ ಹೆಚ್ಚು ಸಿಟ್ಟಾಗುತ್ತಾನೆ. ಬೀಗದ ಕೈ ಯಾರ ಹತ್ತಿರ ಇದೆ, ಅವರು ಪಾರ್ಟಿ ಬರುವ ಮುನ್ನ ಗುಡಿಸುತ್ತಾರೆಯೆ ಎಂಬುದೇ ಅಲ್ಲಿ ಮುಖ್ಯ.

ಇನ್ನೊಂದು ಸ್ಥಿತಿ ಬೆಂಗಳೂರಿನಲ್ಲಿ ಬಹಳ ಸಾಮಾನ್ಯ, ಸ್ಟೇಜಿಂಗ್ ಪುಸ್ತಕಗಳಲ್ಲಿ ಅಪರೂಪ: ಮಾರಾಟಕ್ಕಿಟ್ಟ ಫ್ಲ್ಯಾಟಿನಲ್ಲಿ ಬಾಡಿಗೆದಾರರಿರುವುದು. ಸೋಫಾ ಅವರದು, ಅಟ್ಟದ ಸಾಮಾನು ಅವರದು, ಭಾನುವಾರದ ನಿದ್ದೆಯೂ ಅವರದು. ಮನೆ ಮಾರಾಟವಾದರೆ ಖಾಲಿ ಮಾಡಬೇಕಾದವರು ಅದನ್ನು ಚೆಂದ ಮಾಡಿ ತೋರಿಸಲಿ ಎಂದು ಬಯಸುವುದು ಅತಿಯಾಸೆ. ಅಂಥ ಮಾಲೀಕ ಸ್ಟೇಜಿಂಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟು, ಮನೆ ತೋರಿಸುವ ದಿನವನ್ನೂ ಗಂಟೆಯನ್ನೂ ಅವರನ್ನೇ ಕೇಳಿ ಗೊತ್ತುಮಾಡಿ, ಹಿಂದಿನ ದಿನ ಒಬ್ಬ ಶುಚಿ ಮಾಡುವವರನ್ನು ತನ್ನ ಖರ್ಚಿನಲ್ಲಿ ಕಳಿಸುವುದು ಮೇಲು. ಬೇರೆ ಮನೆ ಹುಡುಕಲು ಅವರಿಗೆ ಎರಡು ತಿಂಗಳ ಅವಧಿಯನ್ನು ಬರವಣಿಗೆಯಲ್ಲಿ ಕೊಟ್ಟರಂತೂ, ನೋಡಲು ಬಂದವರ ಎದುರು ‘ಮೇಲಿನ ಮನೆಯಿಂದ ಬಾತ್‌ರೂಮ್ ಸೋರುತ್ತೆ’ ಎಂದು ಹೇಳುವ ಮೊದಲು ಅದನ್ನು ಮಾಲೀಕನಿಗೆ ಹೇಳುತ್ತಾರೆ. ಸೋರಿಕೆ ನಿಲ್ಲಿಸಲು ಅವನಿಗೆ ಸಮಯ ಸಿಗುತ್ತದೆ.